ಗೋಲಿ ಮುಚ್ಚುವ ಇಲಿಗಳು ಮತ್ತು ನಮ್ಮಕ್ಕ

ಮನೆಗೆ ಇಲಿ ಬಂದರೆ ಜನ ಬೋನು ತರುತ್ತಾರೆ. ನಾನು ಹನ್ನೆರಡು ಬಿಳಿ ಇಲಿಗಳನ್ನು ನಾನಾಗಿಯೇ ತಂದು, ಹಿತ್ತಲ ಕೋಣೆಯಲ್ಲಿಟ್ಟು, ಹೆಂಡತಿಯ ಮುಂದೆ ತಲೆ ತಗ್ಗಿಸಿಕೊಂಡು ಎರಡು ವರ್ಷ ಬಾಳಿದವನು. ಎಂಬತ್ತರ ದಶಕದ ಮಾತು. ಗಂಗಾವತಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಡಾಕ್ಟರೇಟಿನ ಆಸೆ ಇತ್ತು, ಪ್ರಯೋಗಕ್ಕೆ ಕಾಲೇಜಿನಲ್ಲಿ ಜಾಗ ಇರಲಿಲ್ಲ. ಗಾಜಿನ ತೊಟ್ಟಿಯಲ್ಲಿ ಕಾರಟಗಿ ಮಿಲ್ಲಿನ ಭತ್ತದ ಹೊಟ್ಟು ಹರಡಿ, ಮೇಲೆ ಇಪ್ಪತ್ತು ಗೋಲಿ ಇಟ್ಟು ಇಲಿ ಬಿಡುತ್ತಿದ್ದೆ. ಯಾರೂ ಹೇಳದಿದ್ದರೂ ಅದು ಒಂದೊಂದೇ ಗೋಲಿಯನ್ನು ಹೊಟ್ಟಿನಲ್ಲಿ ಮುಚ್ಚುತ್ತಿತ್ತು. ಔಷಧ ಚುಚ್ಚಿದರೆ ಕಡಿಮೆ ಮುಚ್ಚುತ್ತಿತ್ತು. ಬೇಡವೆಂದುಕೊಂಡರೂ ಬಿಡಲಾಗದೆ ಮಾಡಿದ್ದನ್ನೇ ಮಾಡುವ ಮನುಷ್ಯರ ಕಾಯಿಲೆಗೆ ಇದರಿಂದ ದಾರಿ ಸಿಕ್ಕೀತೆಂಬ ನಂಬಿಕೆ. ಅರ್ಧ ಗಂಟೆ ಕೂತು ಎಣಿಸುವುದು ನನ್ನ ಕೆಲಸ. ಗೋಲಿ ಕೊಳ್ಳುವಾಗ ಅಂಗಡಿಯವರು ಮಕ್ಕಳೆಷ್ಟು ಎಂದು ಕೇಳಿದ್ದರು. ಇಲಿಗೆಂದು ಹೇಳಲು ನಾಚಿಕೆಯಾಗಿ ಇಬ್ಬರು ಎಂದಿದ್ದೆ. ನಮಗೆ ಆಗಿನ್ನೂ ಮಕ್ಕಳೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಯಲಬುರ್ಗಾದಿಂದ ನಮ್ಮಕ್ಕ ಬಂದಳು. ಅಕ್ಕನ ಮಡಿ ನಮ್ಮ ಬಳಗದಲ್ಲೆಲ್ಲ ಹೆಸರಾದದ್ದು. ಕೈ ತೊಳೆಯಲು ನಿಂತರೆ ಕೊಡ ಬರಿದಾಗುತ್ತಿತ್ತು, ನಾವು ನಗುತ್ತಿದ್ದೆವು. ಒಂದು ಮಧ್ಯಾಹ್ನ ಅವಳು ತೊಟ್ಟಿಯ ಮುಂದೆ ಬಂದು ಕೂತಳು. ನಾನು ಕ್ಲಾಸಿನಲ್ಲಿ ಹೇಳುವಂತೆ, ಕೊಂಚ ಜಂಬದಿಂದಲೇ ಎಲ್ಲ ವಿವರಿಸಿದೆ. ಕೊನೆಯ ಗೋಲಿ ಮರೆಯಾಗುವವರೆಗೂ ಅವಳು ಇಲಿಯನ್ನೇ ನೋಡಿದಳು. ಆಮೇಲೆ ಎರಡೂ ಕೈ ನನ್ನ ಮುಂದೆ ಚಾಚಿದಳು. ಚರ್ಮ ಒಡೆದು ರಕ್ತ ಜಿನುಗಿ ಒಣಗಿತ್ತು.

“ಇದು ಮಡಿ ಅಲ್ಲೋ ತಮ್ಮಾ. ಬಿಡಬೇಕಂತೀನಿ, ಬಿಡಾಕ ಆಗವಲ್ತು. ಆ ಇಲಿಗೆ ಕೊಡೋ ಔಷಧ ನನಗೂ ಕೊಡು.”

ಅದು ಇಲಿಯ ಔಷಧವೆಂದು ತೊದಲಿದೆ. ಮರುದಿನವೇ ಅವಳನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ, ಮಾನಸಿಕ ರೋಗದ ವೈದ್ಯರ ಬಳಿ ಕರೆದೊಯ್ದೆ. ಎಷ್ಟು ವರ್ಷದಿಂದ ಹೀಗಿದೆ, ದಿನಕ್ಕೆ ಎಷ್ಟು ಸಲ ಎಂದು ಅವರು ನನ್ನನ್ನೇ ಕೇಳಿದರು. ಒಂದೊಂದು ಇಲಿಯ ಅರ್ಧರ್ಧ ಗಂಟೆಯನ್ನೂ ಬರೆದಿಟ್ಟಿದ್ದ ನಾನು ಅಕ್ಕನತ್ತ ತಿರುಗಿದೆ. ಹನ್ನೊಂದು ವರ್ಷ ಆಯಿತೆಂದು ಅಕ್ಕನೇ ಹೇಳಿದಳು. ವೈದ್ಯರು ಗುಳಿಗೆ ಕೊಟ್ಟು, ಗುಣ ಕಾಣಲು ವಾರಗಳೇ ಬೇಕೆಂದರು.

ಅವಳು ಮೂರು ತಿಂಗಳು ನಮ್ಮಲ್ಲೇ ಉಳಿದಳು. ಮೊದಮೊದಲು ಬಾಯಿ ಒಣಗುತ್ತದೆಂದೂ ಹಗಲೆಲ್ಲ ನಿದ್ದೆ ಎಳೆಯುತ್ತದೆಂದೂ ಅತ್ತಳು. ಹೆಂಡತಿ ಪಕ್ಕದಲ್ಲಿ ಕೂತು ಸಮಾಧಾನ ಮಾಡಿದಳು. ನಾನು ದೂರ ನಿಂತು, ಅವಳು ಎಷ್ಟು ಸಲ ಕೈ ತೊಳೆದಳೆಂದು ಎಣಿಸಿ ಬರೆದಿಡುತ್ತಿದ್ದೆ. ಕಾಯಿಲೆ ಪೂರ್ತಿ ಹೋಗಲಿಲ್ಲ, ಆದರೆ ಕೈ ಮಾಯಿತು. ಊರಿಗೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದಳು: “ಇನ್ನ ನನ್ನನ್ನ ಇಲಿ ನೋಡಿದಾಂಗ ನೋಡಬ್ಯಾಡ. ಬಂದಾಗ ಬಾಜೂಕ ಕುಂತು ಮಾತಾಡು, ಸಾಕು.”

ಮುಂದಿನ ತಿಂಗಳು ಯಲಬುರ್ಗಾಕ್ಕೆ ಹೋದೆ. ಊಟಕ್ಕೆ ಮೊದಲು ಅಕ್ಕ ಕೈ ತೊಳೆಯಲು ಎದ್ದಳು. ನಾನು ಗೋಡೆಯತ್ತ ಮುಖ ತಿರುಗಿಸಿ, ಮಳೆ ಹೇಗೆ ಎಂದು ಭಾವನನ್ನು ಕೇಳುತ್ತ ಕೂತೆ. ಆದರೂ ಚೊಂಬಿನಿಂದ ನೀರು ಸುರಿವ ಸದ್ದನ್ನು ಕಿವಿ ಎಣಿಸುತ್ತಿತ್ತು. ರೊಟ್ಟಿ ಬಡಿಸುತ್ತ ಅಕ್ಕ, ಎಷ್ಟಾತು ಎಂದು ಮೆಲ್ಲಗೆ ಕೇಳಿದಳು. ಸುಳ್ಳು ಹೇಳಲಾಗದೆ ನಾಲ್ಕು ಎಂದೆ.

“ಮೂರು,” ಎಂದಳು. “ಎಣಿಸಾಕಾದ್ರೂ ಬರತೈತಿ ಅಂದ್ಕೊಂಡಿದ್ದೆ.”

ಗಂಗಾವತಿಗೆ ಬಂದವನೇ ಇಲಿಗಳ ಎರಡು ವರ್ಷದ ಲೆಕ್ಕವನ್ನೆಲ್ಲ ಮೊದಲಿನಿಂದ ಕೂಡಿದೆ. ಸರಿಯಾಗಿತ್ತು. ಆದರೂ ಮತ್ತೆರಡು ಸಲ ಕೂಡಿದೆ.