ಕಾಯುವವರ ಕೋಣೆಯ ಪಟ್ಟೆ ಮೀನುಗಳು

ಹಲ್ಲಿನ ಡಾಕ್ಟರ ಹತ್ತಿರ ಯಾರೂ ಸಂತೋಷದಿಂದ ಬರುವುದಿಲ್ಲ. ಕಣ್ಣಿನ ಡಾಕ್ಟರ ಬಳಿ ಹೋಗುವವರಿಗೆ ಹೊಸ ಕನ್ನಡಕದ ಆಸೆಯಾದರೂ ಇರುತ್ತದೆ. ನಮ್ಮ ಬಳಿ ಬರುವವರು ಮನೆಯಲ್ಲಿದ್ದ ಲವಂಗವೆಲ್ಲ ಮುಗಿದ ಮೇಲೆ, ಬೇರೆ ದಾರಿ ಕಾಣದೆ ಬಂದವರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿರಸಿಯಲ್ಲಿ ನಮ್ಮ ಮನೆಯ ಮುಂದಿನ ಎರಡು ಕೋಣೆಗಳನ್ನೇ ದವಾಖಾನೆ ಮಾಡಿಕೊಂಡೆ. ಒಳಗಿನದರಲ್ಲಿ ಕುರ್ಚಿ ಮತ್ತು ಹಲ್ಲು ಕೊರೆಯುವ ಯಂತ್ರ, ಹೊರಗಿನದರಲ್ಲಿ ಕಾಯುವವರಿಗೆ ಬೆಂಚು. ಒಳಗೆ ಯಂತ್ರ ಗುಂಯ್ ಎಂದದ್ದೇ ತಡ, ಹೊರಗಿನ ಬೆಂಚು ಖಾಲಿಯಾಗುತ್ತಿತ್ತು. ಓಡಿದವರು ಅವಸರದಲ್ಲಿ ಬಿಟ್ಟುಹೋದ ಛತ್ರಿಗಳಲ್ಲಿ ನಮ್ಮ ಮನೆಯವರೆಲ್ಲ ಒಂದು ಮಳೆಗಾಲ ಕಳೆದದ್ದುಂಟು.

"ಗೋಡೆ ಮೇಲೆ ಹುಳುಕು ಹಲ್ಲಿನ ಪಟ ಹಾಕಿಟ್ರೆ ಯಾರು ಕೂರ್ತ?" ಎಂದಳು ನನ್ನ ಹೆಂಡತಿ ವಸುಧಾ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಂಜಿದ ಮುಖಗಳನ್ನು ನನಗಿಂತ ಹೆಚ್ಚು ಕಂಡವಳು. ಹುಬ್ಬಳ್ಳಿಯಲ್ಲಿ ನನ್ನ ಜೊತೆ ಓದಿದವನೊಬ್ಬ ತನ್ನ ದವಾಖಾನೆಯಲ್ಲಿ ಮೀನಿನ ತೊಟ್ಟಿ ಇಟ್ಟಿದ್ದು ನನಗೆ ನೆನಪಾಯಿತು. ಅಲ್ಲಿ ರೋಗಿಗಳು ಮೀನು ನೋಡುತ್ತ ಮೈಮರೆತು ಕೂತಿದ್ದರು. ಇದೇ ಸರಿ ಎಂದು ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಮೀನಿನ ಅಂಗಡಿಗೆ ಹೋದ ಶಾಕಾಹಾರಿಯ ಅವಸ್ಥೆಯನ್ನು ಏನು ಹೇಳಲಿ! ಕಿರಾಣಿ ಅಂಗಡಿಯಲ್ಲಿ ಬೇಳೆ ಕೈಯಲ್ಲಿ ಹಿಡಿದು ನೋಡಿಯಾದರೂ ಗೊತ್ತು. ಇಲ್ಲಿ ಏನು ನೋಡಬೇಕೆಂದೇ ತಿಳಿಯದು. ನಾನು ಬಣ್ಣ ನೋಡಿದೆ. ಚಿಟ್ಟೆಯಂಥ ಬಾಲದ ಗಪ್ಪಿಗಳು ಒಂದಿಷ್ಟು, ಗೋಲ್ಡ್ ಫಿಶ್ ಜೋಡಿ, ಗಾಳಿಪಟದಂತೆ ತೇಲುವ ಏಂಜಲ್‌ಗಳು, ಆಸ್ಕರ್ ಎಂಬ ಹೆಬ್ಬೆರಳಿನಷ್ಟು ಸಾಧು ಮರಿ, ಜೊತೆಗೆ ಜೈಲಿನ ಅಂಗಿ ತೊಟ್ಟಂತೆ ಕಪ್ಪು ಪಟ್ಟೆ ಇದ್ದ ಒಂದು ಜೋಡಿ. ಏಂಜಲ್, ಆಸ್ಕರ್ ಮತ್ತು ಪಟ್ಟೆಯವು ಮೂರೂ ಸಿಕ್ಲಿಡ್ ಎಂಬ ಒಂದೇ ಕುಲಕ್ಕೆ ಸೇರಿದವೆಂದು ಅಂಗಡಿಯವನು ಹೇಳಿದಾಗ, ಹಾಗಾದರೆ ಅಣ್ಣತಮ್ಮಂದಿರಂತೆ ಕೂಡಿ ಬಾಳುತ್ತವೆ ಎಂದುಕೊಂಡೆ. ಅಣ್ಣತಮ್ಮಂದಿರ ತೋಟದ ಬೇಲಿಯ ಜಗಳಗಳನ್ನು ನೋಡುತ್ತಲೇ ಬೆಳೆದವನಿಗೆ ಇಂಥ ಯೋಚನೆ ಹೇಗೆ ಬಂತೋ! "ಎಲ್ಲಾ ಒಂದರಾಗ ಹಾಕ್ರಿ ಸಾಹೇಬ್ರ, ಏನೂ ಆಗಂಗಿಲ್ಲ" ಎಂದು ಅವನು ಪ್ಲಾಸ್ಟಿಕ್ ಚೀಲಗಳಿಗೆ ಗಂಟು ಹಾಕಿಕೊಟ್ಟ. ಅವು ಯಲ್ಲಾಪುರದ ಮೇಲೆ ಬರುವ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಬಂದವು. ಇಡಗುಂದಿಯವನೆಂದು ಪರಿಚಯ ಹೇಳಿಕೊಂಡ ಪಕ್ಕದ ಸೀಟಿನವನು ದಾರಿಯುದ್ದಕ್ಕೂ ಚೀಲವನ್ನೂ ನನ್ನ ಹಣೆಯ ಗಂಧವನ್ನೂ ಸರದಿಯ ಮೇಲೆ ನೋಡುತ್ತಿದ್ದ.

ಮೊದಲ ವಾರ ಸ್ವರ್ಗ. ಎರಡನೆಯ ವಾರ ಗಪ್ಪಿಗಳು ಕಡಿಮೆಯಾಗತೊಡಗಿದವು. ಸತ್ತದ್ದು ಒಂದೂ ತೇಲಲಿಲ್ಲ, ಬೆಕ್ಕಿನ ಸುಳಿವಿಲ್ಲ. ನೀರಿನಲ್ಲಿ ಕರಗಿಹೋಗುವ ಜಾತಿಯೋ ಎಂದು ಕೂಡ ಯೋಚಿಸಿದೆ. ಆ ಹೊತ್ತಿಗೆ ಸಾಧು ಆಸ್ಕರ್ ಹೆಬ್ಬೆರಳು ದಾಟಿ ಅಂಗೈಯತ್ತ ಬೆಳೆಯುತ್ತಿತ್ತು. ಒಂದು ಬೆಳಿಗ್ಗೆ, ದವಡೆ ಹಲ್ಲು ಕೀಳಿಸಲು ಧೈರ್ಯ ಮಾಡಿ ಬಂದು ಕೂತಿದ್ದ ರೋಗಿಯೊಬ್ಬರ ಕಣ್ಣೆದುರಿಗೇ ಆಸ್ಕರ್ ಬಾಯಿಯಿಂದ ಗಪ್ಪಿಯ ಬಾಲ ಹೊರಗೆ ಅಲ್ಲಾಡುತ್ತಿತ್ತು. ಅವರು ಎದ್ದು ನಿಂತರು. "ನಾಳೆ ಬತ್ತೆ ಡಾಕ್ಟ್ರೇ" ಎಂದರು. ಆ ನಾಳೆ ಇನ್ನೂ ಬಂದಿಲ್ಲ.

ನನ್ನ ಆಯಿ, ಅಂದರೆ ಅಮ್ಮ, ಅಷ್ಟು ದಿನ ತೊಟ್ಟಿಯ ಹತ್ತಿರ ಸುಳಿದಿರಲಿಲ್ಲ. ಅವತ್ತು ಗಲಾಟೆ ಕೇಳಿ ಬಂದು ಆಸ್ಕರನ್ನು ದಿಟ್ಟಿಸಿ, "ತಮಾ, ಇದು ಸಿಕ್ಕಿದ್ದೆಲ್ಲಾ ತಿಂತು. ಅದ್ಕೇಯ ಸಿಕ್ಲಿಡ್ ಹೇಳಿ ಹೆಸ್ರು ಇಟ್ಟಿದ್ದು ಕಾಣ್ತು" ಎಂದಳು. ವಸುಧಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ನಿಂಗ ಬಣ್ಣ ನೋಡಿ ತಂದ್ರಿ, ಬಾಯಿ ನೋಡಿದ್ರಿಲ್ಲೆ. ಬಾಯಿ ನೋಡೂದೇ ನಿಂಗ್ಳ ಉದ್ಯೋಗ ಅಲ್ದಾ?" ಒಂದರ ಬಾಯಿಗೆ ಇನ್ನೊಂದು ಹಿಡಿಸುವಂತಿದ್ದರೆ ಅವೆರಡನ್ನು ಒಟ್ಟಿಗೆ ಇಡಬಾರದು. ಮೀನು ಸಾಕುವ ವಿದ್ಯೆಯ ಮೊದಲ ಪಾಠ ಇಷ್ಟೇ. ಅದನ್ನು ಅವಳು ಗಪ್ಪಿ ಮತ್ತು ಆಸ್ಕರ್ ಎರಡರ ಮೇಲೂ ಒಂದು ಸಲ ಕಣ್ಣು ಹಾಯಿಸಿ ಹೇಳಿಬಿಟ್ಟಿದ್ದಳು.

ಗಪ್ಪಿಗಳೆಲ್ಲ ಮುಗಿಯುವ ಹೊತ್ತಿಗೆ ಆಸ್ಕರಿಗೆ ನಡುಮನೆಯಲ್ಲಿ ಬೇರೆ ತೊಟ್ಟಿ ಬಂತು. ಅದರ ಜೊತೆಗೆ ಈ ಸಲ ಅಳೆದು ಸುರಿದು, ಅದರ ಬಾಯಿಗೆ ಹಿಡಿಸದ, ಬೆಳ್ಳಿ ತಟ್ಟೆಯಂಥ ಅಗಲ ಮೀನುಗಳನ್ನು ತಂದು ಬಿಟ್ಟೆವು. ಅವು ಸುಖವಾಗಿದ್ದವು. ಆದರೆ ದವಾಖಾನೆಯ ತೊಟ್ಟಿಯಲ್ಲಿ ಶಾಂತಿ ನೆಲೆಸಲಿಲ್ಲ. ಪಟ್ಟೆಯ ಜೋಡಿ ಇದ್ದಕ್ಕಿದ್ದಂತೆ ಯಜಮಾನಿಕೆ ಶುರುಮಾಡಿತು. ಏಂಜಲ್‌ಗಳನ್ನು ಒಂದು ಮೂಲೆಗೆ, ಗೋಲ್ಡ್ ಫಿಶ್‌ಗಳನ್ನು ಇನ್ನೊಂದು ಮೂಲೆಗೆ ಅಟ್ಟಿ, ನಡುವಿನ ಮಣ್ಣಿನ ಕುಡಿಕೆಯ ಸುತ್ತ ಯಾರೂ ಸುಳಿಯದಂತೆ ಗಸ್ತು ತಿರುಗುತ್ತಿದ್ದವು. ನಾನು ಚಂದವಾಗಿ ನೆಟ್ಟ ಪ್ಲಾಸ್ಟಿಕ್ ಗಿಡಗಳನ್ನು ಬುಡಸಹಿತ ಕಿತ್ತು, ಹರಳುಗಳನ್ನು ಬಾಯಲ್ಲಿ ಹೊತ್ತು ದೂರ ಉಗುಳುತ್ತಿದ್ದವು. ಜೈಲಿನ ಅಂಗಿ ಸುಮ್ಮನೆ ಸಿಕ್ಕಿದ್ದಲ್ಲ ಎಂದು ನನಗೆ ಖಾತ್ರಿಯಾಯಿತು. ಹುಬ್ಬಳ್ಳಿಗೆ ಹಿಂದಿರುಗಿಸುವುದೆಂದು ತೀರ್ಮಾನಿಸಿ, ಬಲೆ ಹಿಡಿದು ತೊಟ್ಟಿಯ ಮುಂದೆ ನಿಂತೂ ಬಿಟ್ಟೆ.

"ಸ್ವಲ್ಪ ತಡೀರಿ ಡಾಕ್ಟ್ರೇ" ಎಂದಿತು ಬೆಂಚಿನಿಂದ ಒಂದು ದನಿ. ಶಾರದಕ್ಕೋರು. ಕಾನಸೂರಿನವರು, ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತರಾದವರು. ಉಳಿದ ಹಲ್ಲುಗಳನ್ನೂ ಕೀಳಿಸಿ, ಹಲ್ಲಿನ ಸೆಟ್ಟಿನ ಅಳತೆಗೆಂದು ಬಂದುಹೋಗಿ ಮಾಡುತ್ತಿದ್ದರು. ಅಳತೆ ಮುಗಿದ ಮೇಲೂ ಊರಿಗೆ ಹೋಗುವ ಸಿದ್ದಾಪುರದ ಬಸ್ಸಿನ ಹೊತ್ತಿನವರೆಗೆ ತೊಟ್ಟಿಯ ಎದುರಿಗೇ ಕೂರುತ್ತಿದ್ದರು. "ಅವು ಪುಂಡಾಟ ಮಾಡ್ತಿಲ್ಲ. ಕುಡಿಕೆ ಒಳಗೆ ನೋಡಿ. ಮೊಟ್ಟೆ ಇಟ್ಟಾವೆ. ನೀವೂ ನಿಮ್ಮನೇಲಿ ಬಾಳಂತಿ ಇದ್ರೆ ಬಾಗಿಲಲ್ಲಿ ನಿಂತು ಬಂದೋರನ್ನೆಲ್ಲ ಅತ್ಲಾಗೆ ಕಳಿಸ್ತಿರ್ಲಿಲ್ವಾ?"

ಬಗ್ಗಿ ನೋಡಿದೆ. ಕುಡಿಕೆಯ ಒಳಗೋಡೆಗೆ ಸಬ್ಬಕ್ಕಿಯಂಥ ಸಣ್ಣ ಸಣ್ಣ ಕಾಳುಗಳು ಅಂಟಿದ್ದವು. ಹೆಣ್ಣು ಅವಕ್ಕೆ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು, ಗಂಡು ಬಾಗಿಲಲ್ಲಿ ನಿಂತಿತ್ತು. ನಾನು ಬಲೆ ಕೆಳಗಿಟ್ಟೆ. ಮೊಟ್ಟೆ ಎಂಬ ಶಬ್ದವನ್ನೂ ತಗ್ಗಿದ ದನಿಯಲ್ಲಿ ಆಡುವ ನಮ್ಮ ಮನೆಯಲ್ಲಿ ಆ ದಿನ ಎಲ್ಲರ ಬಾಯಲ್ಲೂ ಅದೇ ಮಾತು. ಪಟ್ಟೆಯವನ್ನು ಕಳಿಸುವ ಬದಲು ಉಳಿದವರನ್ನೇ ಸಾಗಿಸಿದೆವು. ತಣ್ಣೀರು ಇಷ್ಟಪಡುವ ಗೋಲ್ಡ್ ಫಿಶ್‌ಗಳು ಹಿತ್ತಿಲಿನ ಕಲ್ಲಿನ ಬಾನಿಗೆ ಹೋದವು. ಏಂಜಲ್‌ಗಳಿಗೆ ವಸುಧಾಳ ಓದುವ ಮೇಜಿನ ಮೇಲೆ ಮೂರನೆಯ ತೊಟ್ಟಿ ಬಂತು. ಅವಳು ಉತ್ತರಪತ್ರಿಕೆ ತಿದ್ದುವುದು ಊಟದ ಮಣೆಯ ಮೇಲೆ ಶುರುವಾಯಿತು. ಹೊಂದಾಣಿಕೆ ಎಂದರೆ ಮೀನು ಮೀನಿನ ನಡುವಿನದಷ್ಟೇ ಅಲ್ಲ ಎಂದು ಆಗಲೇ ತಿಳಿದದ್ದು.

ಮೊಟ್ಟೆ ಒಡೆದು ಮರಿಗಳು ಈಜತೊಡಗಿದ ಮೇಲೆ ನಮ್ಮ ದವಾಖಾನೆಯ ನಸೀಬೇ ತೆರೆಯಿತು. ಧೂಳಿನ ಕಣಗಳಂಥ ಮರಿಗಳ ಗುಂಪು, ಮುಂದೆ ತಾಯಿ, ಹಿಂದೆ ತಂದೆ. ಒಂದು ಮರಿ ದಾರಿ ತಪ್ಪಿದರೆ ತಂದೆ ಹೋಗಿ ಬಾಯಲ್ಲಿ ಎತ್ತಿಕೊಂಡು ಬಂದು, ಫುಳಕ್ಕನೆ ಗುಂಪಿನೊಳಕ್ಕೆ ಉಗುಳುವುದು. ಬೆಂಚಿನಲ್ಲಿ ಬಾತ ಗಲ್ಲದವರು ನೋವು ಮರೆತು "ಅಗೋ ಮತ್ತೊಂದು ಹೋತು, ಅಗೋ ತಂತು" ಎನ್ನುತ್ತಿದ್ದರು. ಗಂಡಸರು ಸ್ವಲ್ಪ ಮುಜುಗರದಿಂದಲೂ ನೋಡುತ್ತಿದ್ದರೆನ್ನಿ. ಪಕ್ಕದಲ್ಲಿ ಹೆಂಡಂದಿರು ಕೂತಿದ್ದರೆ ಅವರ ಮೊಣಕೈ ಆಗಾಗ ತಿವಿಯುತ್ತಿತ್ತು.

ಆಪತ್ತು ಬಂದದ್ದು ಒಬ್ಬ ಕರುಣಾಳುವಿನಿಂದ. ಬನವಾಸಿ ಕಡೆಯ ಹಿರಿಯರೊಬ್ಬರು, ಅವರನ್ನು ಎಲ್ಲರೂ ಗೌಡ್ರು ಎನ್ನುತ್ತಿದ್ದರು, ವಸಡಿನ ಹುಣ್ಣಿಗೆ ತೋರಿಸಿಕೊಂಡರು. ಮನೆಯಲ್ಲಿ ನೀರಿಗೆ ನಾಲ್ಕು ಹನಿ ಬೆರೆಸಿ ಬಾಯಿ ಮುಕ್ಕಳಿಸಲೆಂದು ಕಡು ನೇರಳೆ ಔಷಧದ ಬಾಟಲಿ ಕೊಟ್ಟು ಕಳಿಸಿ, ನಾನು ಮುಂದಿನ ರೋಗಿಯ ಬಾಯಿಗೆ ಕೈ ಹಾಕಿದ್ದೆ. ಹೊರಗಿಂದ ಶಾರದಕ್ಕೋರು ಕೂಗಿದರು. ಓಡಿ ಬಂದರೆ ತೊಟ್ಟಿಯ ನೀರು ನೇರಳೆ! ಮೀನು ಕಾಣದು, ಮರಿ ಕಾಣದು. ಗೌಡರು ಖಾಲಿ ಬಾಟಲಿ ಹಿಡಿದು ತೃಪ್ತಿಯಿಂದ ನಿಂತಿದ್ದರು.

"ಪಾಪ, ಅದಕ್ಕೂ ಬಾಯಾಗ ಏನೋ ಆಗೇತ್ರಿ ಡಾಕ್ಟರ. ಆಗಿಂದ ಬಾಯಾಗಿಂದು ಉಗುಳಾಕ ಹತ್ತೇತಿ. ನನಗ ನಾಳೆ ಮತ್ತೊಂದು ಬಾಟ್ಲಿ ಕೊಟ್ಟೀರಂತ, ಮೊದಲು ಅದಕ ಆರಾಮ ಆಗ್ಲಿ ಅಂತ ಹಾಕಿದೆ."

ಬೈಯಲೆಂದು ಬಾಯಿ ತೆರೆದೆ. ತನ್ನ ನೋವಿನ ಔಷಧವನ್ನು ಮೀನಿಗೆ ಕೊಟ್ಟ ಮನುಷ್ಯನಿಗೆ ಏನೆಂದು ಬೈಯುವುದು? ನಾನು ಹಾಗೆ ಬಾಯಿ ತೆರೆದು ನಿಂತಿರುವಾಗಲೇ ಶಾರದಕ್ಕೋರು ಸೆರಗು ಸಿಕ್ಕಿಸಿಯಾಗಿತ್ತು. "ಎಲ್ಲರೂ ಏಳಿ. ಬಾವಿಯಿಂದ ಇಲ್ಲಿವರೆಗೆ ಸಾಲಾಗಿ ನಿಂತ್ಕಳಿ!" ಬಾಯಲ್ಲಿ ಒಂದೂ ಹಲ್ಲಿಲ್ಲದಿದ್ದರೂ ಆ ದನಿಯಲ್ಲಿ ಪೂರ್ತಿ ಶಾಲೆ ಇತ್ತು. ಬಾತ ಗಲ್ಲದವರು, ದವಡೆಗೆ ಮಫ್ಲರ್ ಕಟ್ಟಿದವರು, ನಾನು ಹತ್ತಿ ತುರುಕಿ ಬಾಯಿ ಮುಚ್ಚಿಸಿದ್ದ ರೋಗಿ, ಎಲ್ಲರೂ ಎದ್ದರು. ಏನಾಯಿತೆಂದು ತಿಳಿದ ಗೌಡರು ಎಲ್ಲರಿಗಿಂತ ಮೊದಲು ಬಾವಿಯ ಹಗ್ಗ ಹಿಡಿದರು. ಬಾವಿಯ ತಣ್ಣೀರು ಹಾಗೇ ಹಾಕಿದರೆ ಮರಿಗಳು ತಡೆಯಲಾರವೆಂದು ವಸುಧಾ ಬಚ್ಚಲಿನ ಹಂಡೆಯಿಂದ ಬಿಸಿನೀರು ತಂದು ಬೆರೆಸಿದಳು. ಪ್ರತಿ ಕೊಡವನ್ನೂ ಆಯಿ ತಡೆದು ನಿಲ್ಲಿಸಿ, ಶಿಶುವಿನ ಸ್ನಾನಕ್ಕೆ ನೋಡುವಂತೆ ಮೊಣಕೈ ಅದ್ದಿ ನೋಡಿ, "ಹೂಂ, ಈಗ ಹಾಕು" ಎನ್ನುತ್ತಿದ್ದಳು. ನಾನು ತೊಟ್ಟಿಯ ನೀರನ್ನು ತಂಬಿಗೆಯಿಂದ ತೆಗೆದು ಚೆಲ್ಲುವವನು.

ನೇರಳೆ ಗುಲಾಬಿಯಾಯಿತು, ಗುಲಾಬಿ ತೆಳುವಾಯಿತು. ಕುಡಿಕೆಯ ಬಾಯಲ್ಲಿ ಗಂಡು ಏದುಸಿರು ಬಿಡುತ್ತಾ ವಾಲಿ ನಿಂತಿತ್ತು. ಸತ್ತೇಹೋಯಿತು ಎಂದುಕೊಂಡು, ಒಳಗೆ ಮರಿಗಳಿವೆಯೇ ನೋಡೋಣವೆಂದು ಕುಡಿಕೆಗೆ ಕೈ ಹಾಕಿದೆ. ವಾಲಿದ್ದ ಮೀನು ನೆಟ್ಟಗಾಗಿ ಬಂದು ನನ್ನ ಬೆರಳನ್ನು ಕಚ್ಚಿತು! ಹಿಂದೆಯೇ ಹೆಣ್ಣು ಬಂದು ಇನ್ನೊಂದು ಬೆರಳು ಕಚ್ಚಿತು. ಹಲ್ಲಿನ ಡಾಕ್ಟರ ಕೈ ಕಚ್ಚುವುದು ಹೊಸದೇನಲ್ಲ, ಅಂಗನವಾಡಿಯ ಮಕ್ಕಳಿಂದ ಹಿಡಿದು ದೊಡ್ಡ ದೊಡ್ಡ ವಕೀಲರವರೆಗೆ ಕಚ್ಚಿದ್ದಾರೆ. ಆದರೆ ನಾನು ಕಚ್ಚಿಸಿಕೊಂಡು ಸಂತೋಷದಿಂದ ಕೂಗಿದ್ದು ಅದೊಂದೇ ಸಲ. ನೀರು ತಿಳಿಯಾದ ಮೇಲೆ ಕಂಡೆವು. ಕುಡಿಕೆಯ ಅಡಿಯಲ್ಲಿ, ಹರಳು ತೋಡಿ ಮಾಡಿದ್ದ ಗುಂಡಿಯಲ್ಲಿ, ಮರಿಗಳು ಒತ್ತೊತ್ತಾಗಿ ಮಿಣುಕುತ್ತಿದ್ದವು. ಕಣ್ಣು ಕಾಣದ ಆ ನೇರಳೆ ನೀರಿನಲ್ಲಿ ಇಬ್ಬರೂ ಅವನ್ನು ಬಾಯಲ್ಲಿ ಹೊತ್ತು ಅಲ್ಲಿಗೆ ಸಾಗಿಸಿದ್ದರು. ಕೆಲವು ಹೋದವು, ಬಹಳಷ್ಟು ಉಳಿದವು. ಗೌಡರು ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೈ ಮುಗಿದರು. "ತಪ್ಪಾತಪಾ, ಹೊಟ್ಟೆಗೆ ಹಾಕ್ಕೋ" ಎಂದರು. ಯಾರೂ ನಗಲಿಲ್ಲ. ಶಾರದಕ್ಕೋರಂತೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಮರಿಗಳು ಬೆಳೆದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆಲ್ಲ ಹೋದವು. ಕಾನಸೂರಿನ ಅಕ್ಕೋರ ಮನೆಯ ಜಗಲಿಗೆ ಮೊದಲ ಜೋಡಿ, ಬನವಾಸಿಗೆ ಎರಡನೆಯದು. ಕೊಡುವಾಗ ನಾನು ಉಪದೇಶವಿಲ್ಲದೆ ಕೊಡುತ್ತಿರಲಿಲ್ಲ. ಇವುಗಳ ಜೊತೆ ಗಪ್ಪಿ ಬೇಡ, ಗೋಲ್ಡ್ ಫಿಶ್ ಬೇಡ. ಹಾಕುವುದಾದರೆ ಗಟ್ಟಿಮುಟ್ಟಾದ, ಬಾಯಿಗೆ ಹಿಡಿಸದ, ಚುರುಕು ಮೀನು ಹಾಕಿ. ಮೊಟ್ಟೆ ಇಟ್ಟ ಮೇಲೆ ಯಾವುದೂ ಬೇಡ. ನಮ್ಮ ಬಾವಿಗಳ ಮೃದು ನೀರು ಏಂಜಲ್‌ಗಳಿಗೆ ಅಮೃತ, ಗಡಸು ನೀರು ಬೇಡುವ ಆಫ್ರಿಕದ ಸರೋವರಗಳ ಸಿಕ್ಲಿಡ್‌ಗಳಿಗೆ ಆಗದು. ವಸುಧಾ ಒಳಗೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತ, "ಎಲ್ಲಾ ಇವ್ರೇ ಕಂಡುಹಿಡಿದಂಗೆ ಹೇಳ್ತ್ರು" ಎಂದು ಆಯಿಗೆ ಹೇಳುವುದು ನನಗೆ ಕೇಳಿಸುತ್ತಿತ್ತು. ಕೇಳಿಸದವನಂತೆ ದನಿ ಏರಿಸುತ್ತಿದ್ದೆ.

ಹೊಸ ಶತಮಾನ ಬಂದು ಒಂದೆರಡು ವರ್ಷ ಕಳೆದಿರಬೇಕು. ಯಲ್ಲಾಪುರದಿಂದ ಗೃಹಸ್ಥರೊಬ್ಬರು ಬಂದು ಬೆಂಚಿನಲ್ಲಿ ತಾಳ್ಮೆಯಿಂದ ಕಾದು ಒಳಗೆ ಬಂದರು. ಮನೆಯಲ್ಲಿ ಹೊಸ ತೊಟ್ಟಿ ಮಾಡಿದ್ದಾರಂತೆ, ಯಾವುದರ ಜೊತೆ ಯಾವುದನ್ನು ಬಿಡಬೇಕೆಂದು ಕೇಳಲು ಬಂದವರು. ನಾನು ಕೈಗವಸು ಕಳಚಿ, ಕುರ್ಚಿ ಎಳೆದುಕೊಂಡು, ಕಾಗದದ ಮೇಲೆ ಚಿತ್ರ ಬರೆದು, ಬಾಯಿಯ ಅಳತೆ, ಸ್ವಭಾವ, ನೀರಿನ ಗುಣ ಎಲ್ಲ ವಿವರಿಸಿದೆ. ಅವರು ಒಂದೊಂದಕ್ಕೂ ತಲೆದೂಗಿದರು. ನನ್ನಂಥ ಗುರುವಿಗೆ ಇಂಥ ಶಿಷ್ಯ ಸಿಗುವುದು ಅಪರೂಪವೆನ್ನಿಸಿತು. ಕೊನೆಗೆ ಅವರು ಎದ್ದು, ಛತ್ರಿ ತೆಗೆದುಕೊಂಡು, ಬಾಗಿಲವರೆಗೆ ಹೋದವರು ತಿರುಗಿ ನಿಂತು ಸಂಕೋಚದಿಂದ ಕೇಳಿದರು:

"ಅಲ್ಲ, ಹೊರಗೆ ಯಾರೋ ಹೇಳಿದ್ರು... ನೀವು ಹಲ್ಲೂ ನೋಡ್ತೀರಂತೆ, ಹೌದಾ?"