ಸೊನ್ನೆ ದಾಟಂಗಿಲ್ಲ

ಲೆಕ್ಕದ ಪಾಠ ಅಂದರೆ ನಗು ಹುಟ್ಟೋದಿಲ್ಲ ಅನ್ನುವವರು ಒಂದು ದಿನ ನಮ್ಮ ಶಾಲೆಗೆ ಬರಬೇಕು. ನಾನು ಬಾಬುರಾಯನಕೊಪ್ಪಲಿನಿಂದ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಲೆಕ್ಕದ ಮಿಸ್ಸು. ಈ ವರ್ಷ ಸಂಖ್ಯಾರೇಖೆ ಕಲಿಸಲು ಹೋಗಿ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ.

ನನ್ನ ಪಾಡು ಹಾಗಿರಲಿ, ನಮ್ಮ ಹೆಡ್‌ಮಾಸ್ತರರದ್ದು ಇನ್ನೂ ದೊಡ್ಡದು. ಹೊಸಹೊಳಲಿನವರು, ಸಾಧು ಮನುಷ್ಯ. ತಿಂಗಳ ಕೊನೆಗೆ ನಿವೃತ್ತಿ. ಇಷ್ಟು ವರ್ಷದ ಸರ್ವೀಸಿನಲ್ಲಿ ತಪಾಸಣೆಗೆ ಬಂದ ಒಬ್ಬ ಸಾಹೇಬರೂ ಅವರಿಗೆ ‘ಭೇಷ್’ ಅಂದಿರಲಿಲ್ಲ. “ಮೇಡಮ್, ಈ ಸಲ ನಿಮ್ಮ ಕ್ಲಾಸೇ ನೋಡ್ತಾರಂತೆ. ಒಂದೇ ಒಂದು ಭೇಷ್ ಕೊಡಿಸಿಬಿಡಿ, ಸಾಕು” ಅಂದರು. ಪಾಪ, ಕರುಳು ಚುರ್ ಅಂತು.

ಡ್ಯಾಮು ತುಂಬಿದ್ದು

ದಶಮಾಂಶದಿಂದ ಶುರುಮಾಡಿದೆ. ನಮ್ಮ ಕಡೆ ಮಳೆಗಾಲದಲ್ಲಿ ಊಟ ಆಯ್ತಾ ಅನ್ನೋಕೆ ಮುಂಚೆ ಡ್ಯಾಮು ಎಷ್ಟಾಯ್ತು ಅಂತ ಕೇಳ್ತಾರೆ. ಅದಕ್ಕೇ ಬೋರ್ಡಿನ ಮೇಲೆ ಡ್ಯಾಮು ತುಂಬುವ ಮಟ್ಟ 124.8 ಅಡಿ, ಅವತ್ತಿನ ಮಟ್ಟ 124.65 ಅಡಿ ಅಂತ ಬರೆದು, ಯಾವುದು ದೊಡ್ಡದು ಅಂದೆ. ಇಡೀ ಕ್ಲಾಸು “ಅರವತ್ತೈದು!” ಅಂತ ಕೂಗಿತು.

ಗೆರೆ ಎಳೆದು, 124ರಿಂದ 125ರವರೆಗೆ ಹತ್ತು ಭಾಗ ಮಾಡಿ, ಬಲಗಡೆಗೆ ಇರೋದೇ ದೊಡ್ಡದು, ಆದ್ದರಿಂದ 124.8 ದೊಡ್ಡದು ಅಂತ ತೋರಿಸಿದೆ. ಮುಂದಿನ ಬೆಂಚಿನ ಒಬ್ಬ ಚೂಟಿ ಹುಡುಗಿಯ ಮುಖ ಸಣ್ಣದಾಯಿತು.

“ಅಂಗಾದ್ರೆ ಡ್ಯಾಮು ಇನ್ನೂ ತುಂಬಿಲ್ವಾ ಮಿಸ್?”

“ಇನ್ನೂ ಸ್ವಲ್ಪ ಬಾಕಿ ಇದೆ ಕಣಮ್ಮ. ಯಾಕೆ?”

“ನಮ್ಮಪ್ಪ ಮೊಬೈಲ್ ನೋಡ್ಬುಟ್ಟು, ಎಂಟಕ್ಕೆ ತುಂಬ್ತದೆ, ಅರವತ್ತೈದು ಬಂದ್ಬುಟ್ಟೈತೆ ಕಣಮ್ಮಿ, ಒಡ್ದು ಓಯ್ತದೆ ಅಂತ ಎಮ್ಮೆನೆಲ್ಲ ನಮ್ಮತ್ತೆ ಊರಿಗೆ ಒಡ್ಕೊಂಡೋದ್ರು!”

ಬಾವಿ ಮೆಟ್ಟಿಲು

ಮೈನಸ್ ಸಂಖ್ಯೆ ಬಂದಾಗ ಕತೆ ಇನ್ನೂ ಕೆಟ್ಟಿತು. ಮೈನಸ್ ಏಳೇ ಮೈನಸ್ ಎರಡಕ್ಕಿಂತ ದೊಡ್ಡದು ಅಂತ ಎಲ್ಲರದ್ದೂ ಒಂದೇ ಹಟ. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರಿಗೆ ತಡೆಯಲಿಲ್ಲ. ತಾವೇ ಒಳಗೆ ಬಂದರು.

“ನೋಡ್ರೋ, ಸೊನ್ನೆ ಅಂದ್ರೆ ನೆಲ. ಮೈನಸ್ ಅಂದ್ರೆ ಬಾವಿ ಮೆಟ್ಲು. ಎರಡನೇ ಮೆಟ್ಲು ಮೇಲಿರ್ತದೆ, ಏಳನೇ ಮೆಟ್ಲು ಆಳದಲ್ಲಿರ್ತದೆ. ಈಗ ಹೇಳಿ, ಯಾವುದು ಹೆಚ್ಚು?”

ಅದೇ ಹುಡುಗಿ ಎದ್ದು ನಿಂತಳು. “ಏಳನೇದೇ ಸಾರ್. ನೀರು ಸಿಕ್ಕೋದು ಅಲ್ಲೇ ತಾನೆ?”

ಹೆಡ್‌ಮಾಸ್ತರು ಮೆಲ್ಲಗೆ ನನ್ನ ಕುರ್ಚಿಯಲ್ಲಿ ಕೂತರು. “ನನ್ನ ಭೇಷು ಬಾವಿಗೆ ಬಿತ್ತು ಮೇಡಮ್” ಅಂದರು.

ಅಂಗಳದ ಗೆರೆ

ಇನ್ನು ನಡೆದೇ ಕಲಿಯಲಿ ಅಂತ ಅಂಗಳದಲ್ಲಿ ನಲ್ಲಿಯಿಂದ ಬಾವುಟದ ಕಂಬದವರೆಗೆ ರಂಗೋಲಿ ಪುಡಿಯಲ್ಲಿ ಉದ್ದ ಗೆರೆ ಎಳೆದೆ. ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್, ಎದ್ದು ಕಾಣಲಿ ಅಂತ ನಡುವೆ ಕೆಂಪು ಪುಡಿಯ ದೊಡ್ಡ ಸೊನ್ನೆ. ಮಕ್ಕಳು ಗೆರೆ ಮೇಲೆ ಓಡಾಡಿ ಒಂದೇ ದಿನಕ್ಕೆ ಕಲಿತುಬಿಟ್ಟವು. ನನಗೆ ಹೆಮ್ಮೆಯೋ ಹೆಮ್ಮೆ.

ಮಾರನೇ ದಿನವೇ ಸಾಹೇಬರು ಬರುವವರು. ಬೆಳಿಗ್ಗೆ ಬಂದು ನೋಡಿದರೆ ಸೊನ್ನೆಯ ಒಳಗೆ ಕುಂಕುಮ ಹಚ್ಚಿದ ಎರಡು ಹೋಳು ನಿಂಬೆಹಣ್ಣು! ಬಿಸಿಯೂಟದ ಅಡುಗೆಯಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ನಮ್ಮ ಚೂಟಿ ಹುಡುಗಿಯ ಅಜ್ಜಿ ಈಕೆಯೇ.

“ಯಾರೋ ಪಾಪಿಗಳು ಸ್ಕೂಲಿಗೆ ಏನೋ ಮಾಡ್ಸವ್ರೆ ಮಿಸ್ಸು. ಎದ್ರುಕೋಬ್ಯಾಡಿ, ನಾನು ತಡೆ ಮಡಗಿವ್ನಿ. ಯಾರೂ ದಾಟಂಗಿಲ್ಲ.”

“ಅಯ್ಯೋ, ಅದು ಸೊನ್ನೆ ಕಣಮ್ಮಾ! ನಾನೇ ಬರೆದಿದ್ದು.”

“ಸೊನ್ನೆನೋ ಗಿನ್ನೆನೋ, ಮಡಗಿದ್ದು ಮಡಗಾಯ್ತು. ತೆಗೆದೋರ ಮೇಲೇ ಬತ್ತದೆ.”

ನಿಂಬೆಹಣ್ಣು ತೆಗೆಯಲು ನಾನು ಬಗ್ಗಿದೆ. ಹೆಡ್‌ಮಾಸ್ತರು ಪಿಸುಗುಟ್ಟಿದರು: “ಬೇಡ ಮೇಡಮ್, ನಿವೃತ್ತಿ ಹೊತ್ತಲ್ಲಿ ಸುಮ್ನೆ ಯಾಕೆ?” ನಾನೇನು ಮಹಾ ಧೈರ್ಯವಂತೆ? ಕೈ ಹಿಂದಕ್ಕೆ ತಗೊಂಡೆ. ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು.

ಸಾಹೇಬರ ದಾರಿ

ಸಾಹೇಬರು ನಾಗಮಂಗಲದ ಕಡೆಯವರು, ಬಲು ಗತ್ತು. ಹುಡುಗಿಯನ್ನು ಮೈನಸ್ ಏಳರ ಮೇಲೆ ನಿಲ್ಲಿಸಿ, “ನಿನ್ನ ಸಂಖ್ಯೆ ದೊಡ್ಡದೋ, ಮೈನಸ್ ಎರಡೋ?” ಅಂದರು.

“ಮೈನಸ್ ಎರಡೇ ಸಾರ್. ಬಲಗಡೆಗಿರೋದೇ ದೊಡ್ಡದು.”

ಹೆಡ್‌ಮಾಸ್ತರ ಮುಖ ಅರಳಿತು.

“ಸರಿ, ಈಗ ಪ್ಲಸ್ ಮೂರಕ್ಕೆ ಬಾ.”

ಹುಡುಗಿ ಮೈನಸ್ ಒಂದರವರೆಗೆ ಟಕಟಕ ಬಂದಳು, ನಿಂತಳು. ಆಮೇಲೆ ಗೆರೆ ಬಿಟ್ಟು, ಅಂಗಳ ಸುತ್ತಿ, ಬಾವುಟದ ಕಂಬ ಬಳಸಿ, ಆ ತುದಿಯ ಹತ್ತರಿಂದ ಒಂಬತ್ತು, ಎಂಟು ಅಂತ ಹಿಂದಕ್ಕೆ ಎಣಿಸುತ್ತಾ ಮೂರಕ್ಕೆ ಬಂದು ನಿಂತಳು.

“ಇದ್ಯಾವ ಗಣಿತ?” ಸಾಹೇಬರು ಗುಡುಗಿದರು.

“ಸೊನ್ನೆ ದಾಟಂಗಿಲ್ಲ ಸಾರ್. ನಮ್ಮಜ್ಜಿ ಯೋಳೈತೆ.”

ಹೆಡ್‌ಮಾಸ್ತರು ಕಂಬ ಹಿಡಿದುಕೊಂಡರು. ಸಾಹೇಬರು ಮೂಢನಂಬಿಕೆ ಮೇಲೆ ಒಂದು ಭಾಷಣ ಬಿಗಿದು, “ನಾನು ದಾಟಿ ತೋರಿಸ್ತೀನಿ, ನೋಡ್ರಿ” ಅಂತ ಮೈನಸ್ ಮೂರರಿಂದ ಹೊರಟರು. ಮೈನಸ್ ಎರಡು, ಮೈನಸ್ ಒಂದು. ಕಾಲೆತ್ತಿದರು.

ಅಡುಗೆಮನೆ ಬಾಗಿಲಿಂದ ಅಜ್ಜಿ ಅಂದಳು: “ದಾಟಿ ಸಾಮಿ, ನಿಮ್ಮಿಷ್ಟ. ಮನೇಲಿ ಮಕ್ಳುಮರಿ ಅವ್ರೆ ತಾನೆ?”

ಎತ್ತಿದ ಕಾಲು ಅಲ್ಲೇ ನಿಂತಿತು. ಸಾಹೇಬರು ಜೇಬಿನಿಂದ ಫೋನು ತೆಗೆದು “ಹಲೋ, ಹೇಳಿ” ಅಂದರು. ಅದು ಬಡಿದದ್ದು ನಮಗ್ಯಾರಿಗೂ ಕೇಳಿಸಲಿಲ್ಲ. ಮಾತಾಡುತ್ತಲೇ ಅಂಗಳ ಸುತ್ತಿ, ಬಾವುಟದ ಕಂಬ ಬಳಸಿ, ಹುಡುಗಿಯ ಪಕ್ಕ ಬಂದು ನಿಂತು ಬೆವರು ಒರೆಸಿಕೊಂಡರು.

“ಭೇಷ್!” ಅಂದರು. “ಯಾವ ಕಡೆಯಿಂದ ಬಂದ್ರೂ ಮೂರು ಮೂರೇ. ಭೇಷ್ ಹೆಡ್‌ಮಾಸ್ತರೇ!”

ಹೆಡ್‌ಮಾಸ್ತರ ಕಣ್ಣಲ್ಲಿ ನೀರೇ ಬಂತು. ಜೀಪು ಹೋದ ಮೇಲೆ ಅಡುಗೆಯಮ್ಮ ಪೊರಕೆ ಹಿಡಿದು, “ಇನ್ನು ನಾನೇ ತೆಗೆದಾಕ್ತೀನಿ ಬುಡಿ ಸಾರ್” ಅಂತ ಬಂದಳು.

ಹೆಡ್‌ಮಾಸ್ತರು ಎರಡೂ ಕೈ ಅಡ್ಡ ಹಿಡಿದರು. “ಮುಟ್ಟಬೇಡ ತಾಯಿ! ನಾಳಿದ್ದು ಇನ್ನೊಬ್ಬ ಸಾಹೇಬರು ಬರ್ತಾರಂತೆ.”