ಮೇಷ್ಟ್ರ ಉಲ್ಟಾ ಪೈಜಾಮ

ನನ್ನ ಗಂಡ ರುಫೋ ಸಾಯುವ ಹಿಂದಿನ ದಿನ ಶಾಲೆಗೆ ಹಿಮದ ರಜೆ. ಅವರು ಅಡುಗೆಮನೆಗೆ ಬಂದಾಗ ಪೈಜಾಮ ಉಲ್ಟಾ ಇತ್ತು. ಹೊಲಿಗೆಯೆಲ್ಲ ಹೊರಗೆ. ಎರಡೂ ಜೇಬು ನಾಯಿಕಿವಿಯ ಹಾಗೆ ಜೋತಾಡುತ್ತಿದ್ದವು. ಮುಖದಲ್ಲಿ ಮಾತ್ರ ದಿಗ್ವಿಜಯ ಮುಗಿಸಿ ಬಂದ ಮಹಾರಾಜರ ಕಳೆ.

"ನೋಡಿದೆಯೇನೇ ಚೋಲೆಂಗ್, ಹೆಂಗೆ ತರಿಸಿದೆ ಹಿಮಾನ."

"ಅದು ಬಂದಿದ್ದು ಕೆನಡಾದಿಂದ ಮೇಷ್ಟ್ರೇ. ನಿಮ್ಮ ಪೈಜಾಮದಿಂದಲ್ಲ."

"ಹೋದ ವಾರ ಒಂದಿನ ಸರಿಯಾಗಿ ಹಾಕ್ಕೊಂಡಿದ್ದೆ. ಬಂತಾ? ಇದಕ್ಕೇ ಪುರಾವೆ ಅನ್ನೋದು."

"ವಿಜ್ಞಾನದ ಮೇಷ್ಟ್ರಂತೆ. ಮಕ್ಕಳ ಮುಂದೆ ಹೇಳ್ಬೇಡಿ, ಕೆಲಸ ಹೋದೀತು."

"ಹೇಳಿಕೊಟ್ಟಿದ್ದೇ ಅವರು ಕಣೇ."

ಅದು ನಿಜ. ಫಿಲಿಪೀನ್ಸಿನಿಂದ ನಾರ್ತ್ ಡಕೋಟಾದ ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲೇ ಮಕ್ಕಳು ಅವರ ಕಿವಿಯಲ್ಲಿ ಈ ಮಹಾಮಂತ್ರ ಊದಿದ್ದರು. ಪೈಜಾಮ ಉಲ್ಟಾ ಹಾಕಿಕೊಂಡು ಮಲಗಿದರೆ ಬೆಳಗಾಗುವುದರಲ್ಲಿ ಹಿಮ ಬಿದ್ದು ಶಾಲೆ ಮುಚ್ಚುತ್ತದೆ. ಇಲ್ಲಿನ ಮಕ್ಕಳು ದೊಡ್ಡವರಾದಂತೆ ಇದನ್ನು ಬಿಡುತ್ತಾರೆ. (ನಮ್ಮ ಮೇಷ್ಟ್ರು ದೊಡ್ಡವರಾದ ಮೇಲೆ ಹಿಡಿದರು.) ನಮ್ಮೂರಲ್ಲಿ ಚಂಡಮಾರುತಕ್ಕೂ ರಜೆ ಕೊಡುತ್ತಿದ್ದರು. ಆದರೆ ರಜೆಯಿಡೀ ತಗಡಿನ ಸೂರನ್ನು ಹಿಡಿದುಕೊಂಡು ನಿಲ್ಲಬೇಕಿತ್ತು. ಇಲ್ಲಿ ರಜೆಯೂ ಉಂಟು, ಸೂರೂ ಉಂಟು.

ನನಗೆ ಬಂದದ್ದೇನು? ಅವರು ಬಿಚ್ಚಿ ಎಸೆದ ಪೈಜಾಮವನ್ನು ದಿನಾ ಬೆಳಗ್ಗೆ ಸರಿಯಾಗಿ ತಿರುವಿ, ಮಡಚಿ, ದಿಂಬಿನ ಕೆಳಗಿಡುವ ಕೈಂಕರ್ಯ.

ಆ ದಿನ ಕೋಕೋ ಹಾಕಿದ ಅಕ್ಕಿಗಂಜಿ ಮಾಡಿ ಒಣಮೀನು ಹುರಿದೆ. ಪಕ್ಕದ ಮನೆಯ ಆರ್ಡಿಸಮ್ಮ ಮೀನಿನ ವಾಸನೆಗೆ ಜಗಳ ತೆಗೆಯಲು ಮೂಗು ಮುಚ್ಚಿಕೊಂಡೇ ಬಂದಳು. ಎರಡು ಬಟ್ಟಲು ಗಂಜಿ ಕುಡಿದು ಹೋದಳು.

ಮರುದಿನ ಶಾಲೆ ತೆರೆಯಿತು. ಮೇಷ್ಟ್ರು ಕರಿಹಲಗೆಯ ಮುಂದೆ ಕುಸಿದರು. ಹೃದಯ. ಬಿಟ್ಟಿ ರಜೆಯ ದಿನ ಸಾಯದೆ ಕೆಲಸದ ದಿನಕ್ಕೆ ಕಾದು ಸತ್ತರು. ಅಷ್ಟು ನಿಯತ್ತು.

ಶುಕ್ರವಾರ ಮಣ್ಣು ಎಂದಾಯಿತು. ಹೆಪ್ಪುಗಟ್ಟಿ ಕಲ್ಲಾಗಿದ್ದ ನೆಲವನ್ನು ಯಂತ್ರ ತರಿಸಿ ಅಗೆಸಿದರು. ನಾನು ಇಡೀ ಶಾಲೆಗಾಗುವಷ್ಟು ಶಾವಿಗೆ ಬೇಯಿಸಿದೆ.

ಗುರುವಾರ ಸಂಜೆ ಆರ್ಡಿಸಮ್ಮ ಕೇಳಿದಳು, "ನಾಳೆಗೆ ಎಲ್ಲಾ ಸಿದ್ಧವಾ?"

"ಶಾವಿಗೆ ಸಿದ್ಧ. ನಾನಿಲ್ಲ. ಇವರನ್ನ ಇನ್ನೊಂದು ದಿನ ಇಟ್ಕೊಳ್ತೀನಿ ಅಂದ್ರೆ ಬಿಡ್ತಾರಾ?"

"ಪಾದ್ರಿ ಅಷ್ಟು ದೂರದಿಂದ ಬರ್ಬೇಕು. ಮುಂದಕ್ಕೆ ಹಾಕೋಕಾಗಲ್ಲ, ಚೋಲೆಂಗ್."

ಆಕಾಶ ನೋಡಿದೆ. ಒಂದು ಚೂರು ಮೋಡವಿರಲಿಲ್ಲ.

ಮಲಗುವ ಮುಂಚೆ ದಿಂಬಿನ ಕೆಳಗಿಂದ ಅವರ ಪೈಜಾಮ ತೆಗೆದೆ. ಉಲ್ಟಾ ತಿರುವಿದೆ. ಹಾಕಿಕೊಂಡೆ. ಸೊಂಟದಲ್ಲಿ ನಿಲ್ಲಲಿಲ್ಲ, ಪಿನ್ನು ಚುಚ್ಚಿದೆ. (ಯಾರಿಗೂ ಹೇಳಬೇಡಿ.)

ಬೆಳಗ್ಗೆ ಕಿಟಕಿಯಾಚೆ ಬೀದಿಯೇ ಇರಲಿಲ್ಲ. ಬರೀ ಬಿಳಿ. ಫೋನು ಬಡಿದುಕೊಂಡಿತು. ಶಾಲೆಯ ಹೆಡ್‌ಮಾಸ್ಟರು.

"ಅಮ್ಮಾ, ಹೆದ್ದಾರಿ ಮುಚ್ಚಿದಾರೆ. ಪಾದ್ರಿ ಬರೋ ಹಾಗಿಲ್ಲ. ಇವತ್ತು ಶಾಲೆನೂ ಇಲ್ಲ, ಮಣ್ಣೂ ಇಲ್ಲ."

ಸತ್ತ ಮೇಲೂ ಮೇಷ್ಟ್ರಿಗೆ ಹಿಮದ ರಜೆ. ಕುರ್ಚಿಯಲ್ಲಿ ಕೂತು ನಕ್ಕೆ. ಆಮೇಲೆ ನಗು ನಗುವಾಗಿ ಉಳಿಯಲಿಲ್ಲ.

ಯಾರೋ ಬಾಗಿಲು ತಟ್ಟಿದರು. ಮುಖ ಒರೆಸಿಕೊಂಡು, ಹಾಕಿದ್ದೇನೆಂಬುದನ್ನೇ ಮರೆತು ತೆರೆದೆ. ಸಲಿಕೆ ಹಿಡಿದ ಆರ್ಡಿಸಮ್ಮ. ಹಿಂದೆ ಬೀದಿಯ ಅರ್ಧ ಜನ. ಶಾವಿಗೆ ಹಾಳಾಗಬಾರದೆಂದು ದಾರಿ ತೋಡಿಕೊಂಡು ಬಂದಿದ್ದರು. ಎಲ್ಲರ ಕಣ್ಣೂ ನನ್ನ ಮುಖ ಬಿಟ್ಟು ಕೆಳಗಿಳಿಯಿತು.

"ಓ," ಎಂದಳು ಆರ್ಡಿಸಮ್ಮ, "ಇದು ನಿನ್ನ ಕೆಲಸಾನಾ?"

"ಹಿಮ ಬಂದಿದ್ದು ಕೆನಡಾದಿಂದ."

"ನಿನ್ನ ಜೇಬು ಬೇರೇನೋ ಹೇಳ್ತಿದೆ."

ಒಳಗೆ ಬಂದು ಒಂದು ಎಳೆಯೂ ಬಿಡದೆ ತಿಂದರು. ಬೆನ್ನುನೋವು ಬರುವಷ್ಟು ಸಲಿಕೆ ಹೊಡೆಸಿದ್ದಕ್ಕೆ ನನ್ನನ್ನು ಮನಸಾರೆ ಬೈದರು.

ಮಣ್ಣು ಸೋಮವಾರಕ್ಕೆ ಹೋಯಿತು. ಭಾನುವಾರ ರಾತ್ರಿಯೂ ಉಲ್ಟಾ ಹಾಕಿಕೊಂಡೇ ಮಲಗಿದ್ದೆ. ಕೆಲಸ ಮಾಡಲಿಲ್ಲ. ಬೆಳಗಾದರೆ ಕಣ್ಣು ಕುಕ್ಕುವ ಬಿಸಿಲು. ಮಣ್ಣು ಮಾಡಿದೆವು.

ಈಗ ಜುಲೈ. ಪಿನ್ನು ಬೇಡವೆಂದು ಸೊಂಟಕ್ಕೆ ಹೊಸ ಲಾಡಿ ಹಾಕಿದ್ದೇನೆ. ಬೆಳಗ್ಗೆ ಎದ್ದು ಮೊದಲು ಕಿಟಕಿ ನೋಡುತ್ತೇನೆ. ಆಮೇಲೆ ಪೈಜಾಮ ಬಿಚ್ಚಿ, ಸರಿಯಾಗಿ ತಿರುವಿ, ಮಡಚಿ, ಅವರ ದಿಂಬಿನ ಕೆಳಗಿಡುತ್ತೇನೆ.